ಯಜಮಾನರ ಬಿಪಿ

ನಮ್ಮ ಲಾಂಡ್ರಿಯಲ್ಲಿ ಬಿಪಿ ಇದ್ದದ್ದು ಒಬ್ಬರಿಗೇ. ಯಜಮಾನರಿಗೆ. ತನಗೂ ಇದೆ ಎಂದು ಬೇರೆ ಯಾರಾದರೂ ಅಂದರೆ ಅದು ಅವರ ಕುರ್ಚಿಯಲ್ಲಿ ಕೂತಷ್ಟೇ ದೊಡ್ಡ ತಪ್ಪು.

ಬೆಳಿಗ್ಗೆ ಅವರು ಬಂದು ಕೂತು ಅಂಗಿಯ ತೋಳು ಮಡಚಿದರೆ ಗುಮಾಸ್ತ ಆಫೀಸಿನ ಬಾಗಿಲಿಗೆ ಬಂದು ಕೈ ಎತ್ತುತ್ತಿದ್ದ. ಕೈ ಎತ್ತಿದ ಕೂಡಲೇ ಯಂತ್ರಗಳೆಲ್ಲ ನಿಲ್ಲಬೇಕು. ಬಟ್ಟೆ ಕುದಿಸುವ ಡ್ರಮ್ಮು, ಹಿಂಡುವ ಯಂತ್ರ, ನಾನು ನಿಲ್ಲುತ್ತಿದ್ದ ಇಸ್ತ್ರಿ ರೋಲರು, ಎಲ್ಲ. ಗುಮಾಸ್ತನ ಕಿವಿಗೆ ಯಜಮಾನರ ನಾಡಿಯ ಸದ್ದು ಕೇಳಬೇಕಲ್ಲ. ರೋಲರಿನಲ್ಲಿ ಸಿಕ್ಕ ಬಟ್ಟೆ ಕಮರಿದರೂ ಪರವಾಗಿಲ್ಲ. ಕೆಮ್ಮು ಬಂದವರು ಬಾಯಿಗೆ ಸೆರಗು ತುರುಕಿಕೊಂಡು ನಿಲ್ಲಬೇಕು. ಒಮ್ಮೆ ಹಿಂಡುವ ಯಂತ್ರಕ್ಕೆ ಒಬ್ಬಳ ಬೆರಳು ಸಿಕ್ಕಿ ಅವಳು ಕಿರುಚಿದಾಗ ಅದನ್ನು ನಿಲ್ಲಿಸಲು ಯಾರನ್ನು ಕೇಳಬೇಕು ಎಂಬುದೇ ತೀರ್ಮಾನವಾಗಲಿಲ್ಲ. ತೀರ್ಮಾನವಾಗುವಷ್ಟರಲ್ಲಿ ಬೆರಳು ಹೋಗಿತ್ತು. ಯಜಮಾನರ ನಾಡಿಗೆ ಮಾತ್ರ ಒಂದು ಕೈ ಎತ್ತಿದರೆ ಸಾಕಾಗಿತ್ತು.

ಅಳೆದಾದ ಮೇಲೆ ಗುಮಾಸ್ತ ಬಾಗಿಲ ಮೊಳೆಗೆ ಒಂದು ಟವೆಲ್ ತೂಗುಹಾಕುತ್ತಿದ್ದ. ನೂರ ಐವತ್ತರ ಒಳಗಿದ್ದರೆ ಹಸಿರು. ಮೇಲಿದ್ದರೆ ಕೆಂಪು. ಕೆಂಪು ಇದ್ದ ದಿನ ರಜೆ ಕೇಳುವಂತಿಲ್ಲ, ಸಂಬಳದ ಮಾತು ಎತ್ತುವಂತಿಲ್ಲ, ಒಗೆಯುವ ಸೋಡಾ ಸುಟ್ಟ ಕೈ ತೋರಿಸುವಂತಿಲ್ಲ, ಕೆಲಸ ಬಿಡುವ ತನಕ ಗೇಟು ದಾಟುವಂತಿಲ್ಲ. ಹಸಿರು ಇದ್ದ ದಿನ ಕೇಳಬಹುದಿತ್ತು. ಕೇಳಿದರೆ ಕೊಡುತ್ತಿದ್ದರು ಎಂದಲ್ಲ, ಬೈಗುಳದ ದನಿ ಸ್ವಲ್ಪ ಮೆತ್ತಗಿರುತ್ತಿತ್ತು. ಹೊಸದಾಗಿ ಸೇರಿದವರಿಗೆ ನಾವು ಮೊದಲು ಕಲಿಸುತ್ತಿದ್ದದ್ದು ಸೋಪಿನ ಅಳತೆಯನ್ನಲ್ಲ, ಟವೆಲಿನ ಬಣ್ಣವನ್ನು. ಬರಬರುತ್ತ ಮನೆಯಲ್ಲೂ ಅದೇ ಮಾತಾಯಿತು. ಯಾರ ಗಂಡನಾದರೂ ಕುಡಿದು ಬಂದರೆ ಮರುದಿನ ನಲ್ಲಿಯ ಹತ್ತಿರ, "ನಮ್ಮನೇಲಿ ನಿನ್ನೆ ಕೆಂಪು" ಎನ್ನುತ್ತಿದ್ದರು.

ನಮಗೆಲ್ಲ ಬಿಪಿ ಬರುವುದಿಲ್ಲ ಎಂದು ಯಜಮಾನರೇ ಹೇಳಿದ್ದರು. ಅದು ಯೋಚನೆ ಮಾಡುವವರ ಕಾಯಿಲೆಯಂತೆ. ಬ್ಯಾಂಕಿನ ಯೋಚನೆ, ಮಗನ ಯೋಚನೆ, ನಮ್ಮ ಯೋಚನೆ. ನಿಮಗೇನು, ಕೈಗೆ ಕೆಲಸ, ತಲೆಗೆ ಆರಾಮ, ಪುಣ್ಯವಂತರು ಎನ್ನುತ್ತಿದ್ದರು. ನಮ್ಮ ಬಾಯ್ಲರಿನವನಿಗೆ ಬಾಯಿ ಸ್ವಲ್ಪ ಜಾಸ್ತಿ. ಯಜಮಾನರು ಅತ್ತ ಹೋದ ಮೇಲೆ ಅವನೊಮ್ಮೆ, ತನ್ನ ಬಾಯ್ಲರಿಗೂ ಒತ್ತಡ ತೋರಿಸುವ ಮುಳ್ಳು ಇದೆ, ಅದು ಏರಿದರೆ ತಾನು ಆವಿಯನ್ನು ಮೇಲಕ್ಕೆ ಬಿಡುತ್ತೇನೆ, ಯಜಮಾನರು ಕೆಳಕ್ಕೆ ಬಿಡುತ್ತಾರೆ, ಅಷ್ಟೇ ವ್ಯತ್ಯಾಸ ಎಂದ. ಆ ಮಾತಿಗೆ ನಾವು ಬಹಳ ದಿನ ನಕ್ಕೆವು. ಸದ್ದಿಲ್ಲದೆ.

ಡ್ರಮ್ಮಿನ ಹತ್ತಿರ ನನ್ನ ಮಗಳು ನಿಲ್ಲುತ್ತಿದ್ದಳು. ಅವಳ ಮಗಳು ಶಾಲೆ ಬಿಟ್ಟ ಮೇಲೆ ಲಾಂಡ್ರಿಗೇ ಬರುತ್ತಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಅವಳಪ್ಪ ಹೋದವನು ಹೋದ. ಆ ಹುಡುಗಿಯನ್ನು ಎಲ್ಲರೂ ಚೂಟಿ ಎಂದು ಕರೆಯುತ್ತಿದ್ದರು. ಎಂಟು ವರ್ಷದ ಪುಳ್ಳೆ, ಬಾಯಿ ಮಾತ್ರ ಎಂಬತ್ತರದ್ದು. ನನ್ನ ಮುಂದಿನ ಹಲ್ಲು ಬಿದ್ದಾಗ ತನ್ನ ಬೊಚ್ಚು ಬಾಯಿ ತೋರಿಸಿ, "ಅಜ್ಜಿ, ನೋಡೋಣ, ಯಾರದ್ದು ಮೊದಲು ಬರತ್ತೆ ಅಂತ" ಎಂದು ಪಂದ್ಯ ಕಟ್ಟಿದವಳು.

ಒಗೆದ ಬಟ್ಟೆ ಇಡುವ ಕಡೆ ಮಕ್ಕಳು ಕಾಲಿಡಬಾರದು. ಅದು ಯಜಮಾನರ ಕಟ್ಟುನಿಟ್ಟು. ನಾವು ಒಗೆಯುತ್ತಿದ್ದದ್ದು ದೊಡ್ಡಾಸ್ಪತ್ರೆಯ ಬಟ್ಟೆ. ಅದರ ಮೇಲೆ ಮಕ್ಕಳ ಕೈಯ ಕೊಳೆ ಕಂಡರೆ ಆಸ್ಪತ್ರೆಯವರು ದೂರು ಹೇಳುತ್ತಾರೆ. ಹಾಗಾಗಿ ಮಕ್ಕಳನ್ನು ಕೊಳೆ ಬಟ್ಟೆಯ ಕೋಣೆಗೆ ಬಿಡುತ್ತಿದ್ದರು. ರಕ್ತ, ಕೀವು, ವಾಂತಿ ಹತ್ತಿದ ಬೆಡ್‌ಶೀಟಿನ ಮೂಟೆಗಳ ಮೇಲೆ ಅವರ ಹೋಮ್‌ವರ್ಕು. ಅಲ್ಲೇ ಜಗಳ. ಅಲ್ಲೇ ನಿದ್ದೆ. ಮಕ್ಕಳಿಂದ ಬಟ್ಟೆ ಕೆಡಬಾರದು. ಬಟ್ಟೆಯಿಂದ ಮಕ್ಕಳು ಕೆಟ್ಟರೆ ದೂರು ಯಾರಿಗೆ ಹೇಳುವುದು, ಬಟ್ಟೆಗೇ ಹೇಳಬೇಕು.

ಆ ಮಕ್ಕಳಿಗೆಲ್ಲ ಕೈಕಾಲಿನ ಮೇಲೆ ಹುಣ್ಣು. ಒಡೆದು ನೀರು ಸೋರಿ ಹಳದಿ ಹಕ್ಕಳೆ ಕಟ್ಟುತ್ತಿತ್ತು. ಒಬ್ಬರದು ಮಾಗುವಷ್ಟರಲ್ಲಿ ಇನ್ನೊಬ್ಬರಿಗೆ. ಅದನ್ನು ಕಾಯಿಲೆ ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಲಾಂಡ್ರಿ ಮಕ್ಕಳ ಚರ್ಮವೇ ಹಾಗೆ ಎಂದುಕೊಂಡಿದ್ದೆವು. ಚೂಟಿಯ ಹುಣ್ಣೂ ಮಾಗಿತು. ಮಾಗಿ ಕೆಲವು ವಾರ ಕಳೆದಿರಬೇಕು, ಬೆಳಿಗ್ಗೆ ಏಳುವಾಗ ಅವಳ ಮುಖ ಊದಿರತೊಡಗಿತು. ಪಕ್ಕದ ಮನೆಯವಳು ಮಗು ಈಗ ಸ್ವಲ್ಪ ಮೈ ಹಿಡೀತಿದೆ ಎಂದು ಸಂತೋಷಪಟ್ಟಳು. ಉಚ್ಚೆಗೆ ಹಾಲು ಹಾಕದ ಟೀ ಬಣ್ಣ ಬಂತು. ನೀರು ಕುಡಿಯಲ್ಲ ಎಂದು ಅವಳಮ್ಮ ಗದರಿದಳು. ಆಮೇಲೆ ತಲೆನೋವು. ಉಂಡದ್ದೆಲ್ಲ ವಾಂತಿ. ಶಾಲೆಯ ಟೀಚರು ಹೇಳಿ ಕಳಿಸಿದರು, ಇವಳಿಗೆ ತಲೆನೋವು ಬರುವುದು ಲೆಕ್ಕದ ಪಾಠಕ್ಕೇ, ಮನೆಯಲ್ಲಿ ಸ್ವಲ್ಪ ಬಿಗಿ ಮಾಡಿ ಎಂದು. ಮನೆಯಲ್ಲಿ ಲೆಕ್ಕದ ಪಾಠ ಇರಲಿಲ್ಲ. ತಲೆನೋವು ಮಾತ್ರ ಇತ್ತು.

ಒಂದು ಹಸಿರು ದಿನ ನೋಡಿ ಅರ್ಧ ರಜೆ ಬೇಡಿ ನಮ್ಮ ಬೀದಿಯ ಡಾಕ್ಟರ ಹತ್ತಿರ ಹೋದೆವು. ಅವರು ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆಯಲ್ಲಿ ಹುಳ ಎಂದರು. ನನ್ನ ಮಗಳು ಬಾಗಿಲಿನವರೆಗೆ ಬಂದವಳು ತಿರುಗಿ ನಿಂತು, ನಮ್ಮ ಯಜಮಾನರಿಗೂ ಹೀಗೇ ತಲೆ ಸಿಡಿಯುತ್ತಂತೆ, ಕಣ್ಣು ಮಂಜಾಗುತ್ತಂತೆ, ಅದು ಬಿಪಿಯಂತೆ, ಇವಳಿಗೂ ಒಂದು ಸಲ ನೋಡ್ತೀರಾ ಎಂದು ಕೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು.

"ಇವಳಿಗೆಂಥ ಬಿಪಿ ಅಮ್ಮಾ? ಬಾಡಿಗೆ ಕಟ್ಬೇಕಾ, ಮಗಳ ಮದುವೆ ಮಾಡ್ಬೇಕಾ?"

ಹೊರಗೆ ಸಾಲಿನಲ್ಲಿ ಕೂತವರೂ ನಕ್ಕರು. ಚೂಟಿಯೂ ನಕ್ಕಳು, ನಕ್ಕು ಅಲ್ಲೇ ಮೆಟ್ಟಿಲ ಮೇಲೆ ವಾಂತಿ ಮಾಡಿದಳು. ಕಿತ್ತಳೆ ಬಣ್ಣದ ಟಾನಿಕ್ಕು ಕೊಟ್ಟರು. ಬಣ್ಣ ಚೆನ್ನಾಗಿತ್ತು.

ಮಗಳಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ. ಯಜಮಾನರ ನರಳಾಟವನ್ನು ಇಷ್ಟು ವರ್ಷ ಬೆಳಗಾದರೆ ಕೇಳಿದವರು ನಾವು. ಹಿಂದಲೆ ಒತ್ತುತ್ತೆ ಎನ್ನುತ್ತಿದ್ದರು, ಚೂಟಿಯೂ ಹಿಂದಲೆಯನ್ನೇ ಹಿಡಿದುಕೊಳ್ಳುತ್ತಿದ್ದಳು. ಕೊನೆಗೆ ನಾನೇ ಗುಮಾಸ್ತನನ್ನು ಕೇಳಿದೆ. ಯಜಮಾನರು ಊಟಕ್ಕೆ ಹೋಗಿದ್ದ ಹೊತ್ತು. ಅವನು ಕೆಟ್ಟವನೇನಲ್ಲ. ದೊಡ್ಡವರ ಪಕ್ಕ ಬಹಳ ಕಾಲ ನಿಂತವನು, ನೆರಳು ಅವರದೇ ಬೀಳುತ್ತಿತ್ತು. ಸ್ವಲ್ಪ ಹೊತ್ತು ಮೂತಿ ಸೊಟ್ಟ ಮಾಡಿ, ಆಮೇಲೆ ಯಾರೂ ಇಲ್ಲ ಎಂದು ನೋಡಿಕೊಂಡು, ಬೇಗ ಕರ್ಕೊಂಡು ಬಾ ಅಜ್ಜಿ ಎಂದ.

ಬಾಯ್ಲರಿನವನು ಆವಿ ತಗ್ಗಿಸಿದ. ಯಂತ್ರಗಳು ನಿಂತವು. ಯಜಮಾನರ ತೋಳಪಟ್ಟಿ ಚೂಟಿಯ ತೋಳಿಗೆ ಎರಡು ಸುತ್ತು ಬಂತು. ಭುಜದಿಂದ ಮೊಣಕೈ ದಾಟಿ ಅದೇ ಇತ್ತು, ತೋಳು ಎಲ್ಲೂ ಕಾಣಲಿಲ್ಲ. ದೊಡ್ಡವರ ಅಂಗಿ ಹಾಕಿದ ಹಾಗೆ ಅವಳು ಅದನ್ನು ನೋಡಿಕೊಂಡು ನಕ್ಕಳು. ಗುಮಾಸ್ತ ಗಾಳಿ ಊದಿದ, ಬಿಟ್ಟ, ಕಿವಿಯಿಂದ ಕೊಳವೆ ತೆಗೆದ.

"ನೂರ ಮೂವತ್ತೆಂಟು."

ನಮ್ಮೆಲ್ಲರ ಕಣ್ಣು ಬಾಗಿಲ ಮೊಳೆಯ ಕಡೆ ಹೋಯಿತು. ನೂರ ಐವತ್ತರ ಒಳಗೆ. ಹಸಿರು.

ಬೇರೆ ಯಾರೇ ಆಗಿದ್ದರೂ ಆ ಅಂಕಿಗೆ ಅರ್ಥ ಕೇಳುತ್ತಿದ್ದರೇನೋ. ನಮಗೆ ಕೇಳುವ ಅಗತ್ಯ ಕಾಣಲಿಲ್ಲ. ಬಿಪಿಯ ವಿಷಯದಲ್ಲಿ ನಮಗಿಂತ ತಿಳಿದವರು ಯಾರಿದ್ದರು? ಬೆಳಗಾದರೆ ಅದನ್ನೇ ನೋಡುತ್ತಿದ್ದೆವು. ಹಿಂಡುವ ಯಂತ್ರದವಳು ಚೂಟಿಯ ಕೆನ್ನೆ ಹಿಂಡಿದಳು. ಯಾರೋ ಒಬ್ಬಳು ಒಂದು ಹಸಿರು ಟವೆಲ್ ತಂದು ಅವಳ ಹೆಗಲಿಗೆ ಹಾಕಿದಳು. ಅಷ್ಟರಲ್ಲಿ ಯಜಮಾನರು ಬಂದುಬಿಟ್ಟರು. ತಮ್ಮ ತೋಳಪಟ್ಟಿ ಯಾರ ತೋಳಿನಲ್ಲಿದೆ ಎಂದು ಕಂಡು ಮೊದಲು ಮುಖ ಗಂಟಿಕ್ಕಿದರು. ಅಂಕಿ ಕೇಳಿದ ಮೇಲೆ ಗಂಟು ಸಡಿಲವಾಯಿತು. ಕಂಡಿರಾ ಎಂದರು. ನನ್ನದು ಇಷ್ಟು ಇಳಿದಿದ್ದರೆ ಹರಕೆ ಹೊರುತ್ತಿದ್ದೆ ಎಂದರು. ಜವಾಬ್ದಾರಿ ಹೊತ್ತವನ ರಕ್ತ ಬೇರೆ, ಆಡಿಕೊಂಡಿರುವವರ ರಕ್ತ ಬೇರೆ ಎಂದು ಬಹಳ ಹೊತ್ತು ವಿವರಿಸಿದರು. ಆಮೇಲೆ ಆ ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಡು ಎಂದು ಗುಮಾಸ್ತನಿಗೆ ಹೇಳಿದರು.

ಆವತ್ತು ಮನೆಗೆ ಹೋಗುವಾಗ ಚೂಟಿ ನನ್ನ ಕೈ ಹಿಡಿದು ನಡೆಯುತ್ತಿದ್ದಳು. ಸ್ವಲ್ಪ ದೂರ ಬಂದು ಕೇಳಿದಳು.

"ಹಾಗಾದ್ರೆ ನನ್ನ ತಲೆನೋವು ಸುಳ್ಳಾ, ಅಜ್ಜಿ?"

ಡಾಕ್ಟರು ನಕ್ಕಿದ್ದಾರೆ, ಟೀಚರು ಹೇಳಿ ಕಳಿಸಿದ್ದಾರೆ, ಗುಮಾಸ್ತ ಅಳೆದಿದ್ದಾನೆ, ಯಜಮಾನರು ಹರಸಿದ್ದಾರೆ. ತಲೆ ಒಂದೇ ಒಪ್ಪುತ್ತಿರಲಿಲ್ಲ.

ಅದಾಗಿ ಹೆಚ್ಚು ದಿನ ಕಳೆಯಲಿಲ್ಲ. ಮಧ್ಯಾಹ್ನದ ಬಿಸಿಲು, ಶೆಡ್ಡಿನ ತಗಡು ಕಾದಿತ್ತು. ಬಾಗಿಲಲ್ಲಿ ಕೆಂಪು ಟವೆಲ್. ಚೂಟಿ ಕೊಳೆ ಬಟ್ಟೆಯ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದಳು. ರೋಲರಿನ ಹತ್ತಿರ ನಿಂತು ನನ್ನನ್ನು ನೋಡದೆ ನನ್ನ ಪಕ್ಕದ ಕಂಬವನ್ನು ನೋಡುತ್ತ ಕೇಳಿದಳು.

"ಅಜ್ಜಿ, ಲೈಟು ಯಾಕೆ ಆರಿಸಿದ್ರಿ?"

ಆಮೇಲೆ ಬಿದ್ದಳು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದು ನೆಲಕ್ಕೆ ಬಡಿಯತೊಡಗಿದವು. ನಾನು ರೋಲರು ಬಿಟ್ಟು ಅವಳ ತಲೆಯ ಕೆಳಗೆ ಕೈ ಕೊಟ್ಟೆ. ಯಾರೋ ಕಬ್ಬಿಣ ಹಿಡಿಸಿ ಎಂದರು, ಯಾರೋ ಬೀಗದ ಕೈ ತಂದರು. ಡ್ರಮ್ಮಿನಿಂದ ಓಡಿಬಂದ ನನ್ನ ಮಗಳ ಕೈ ಇನ್ನೂ ಹಬೆಯಾಡುತ್ತಿತ್ತು.

ಗುಮಾಸ್ತ ಬೆರಳನ್ನು ತುಟಿಗಿಟ್ಟುಕೊಂಡು ಓಡಿಬಂದ. ಕೂಗಬೇಡಿ, ಇವತ್ತು ನೂರ ಎಪ್ಪತ್ತೆರಡು ಎಂದ. ಅದು ಯಜಮಾನರದ್ದು. ಮಗುವಿಗೇನಾಗಿಲ್ಲ, ಮೊನ್ನೆ ತಾನೇ ನಾನೇ ನೋಡಿದ್ದೇನೆ ಎಂದ. ಅದು ಮಗುವಿನದ್ದು.

ನನ್ನ ಮಗಳು ಚೂಟಿಯನ್ನು ಎತ್ತಿಕೊಂಡು ಆಫೀಸಿನ ಬಾಗಿಲಿಗೆ ಹೋದಳು. ಸೆಟೆದುಕೊಳ್ಳುವುದು ನಿಂತಿತ್ತು, ಮಗು ಈಗ ಒದ್ದೆ ಬಟ್ಟೆಯ ಹಾಗೆ ತೋಳಿನಿಂದ ಜಾರುತ್ತಿತ್ತು. ಬಾಗಿಲ ಮುಂದೆ ಯಜಮಾನರ ಕಾರು ನಿಂತಿತ್ತು. ಒಂದು ಸಲ ಆಸ್ಪತ್ರೆಗೆ ಬಿಡಿಸಿ ಸ್ವಾಮಿ ಎಂದಳು.

"ಕೊಡಲ್ಲ ಅಂತ ಅಲ್ಲಮ್ಮ," ಎಂದರು ಯಜಮಾನರು, ಕುರ್ಚಿಗೆ ಒರಗಿದಲ್ಲಿಂದಲೇ. "ನನಗೇ ಯಾವ ಗಳಿಗೇಲಿ ಏನಾಗುತ್ತೋ. ಕಾರು ಬಾಗಿಲಲ್ಲೇ ಇರ್ಬೇಕು ಅಂತ ಡಾಕ್ಟರು ಹೇಳಿದ್ದಾರೆ. ಈರುಳ್ಳಿ ಮೂಸಿಸಿ, ಸರಿಹೋಗುತ್ತೆ."

ಅಂಗಳದಲ್ಲಿ ಆಸ್ಪತ್ರೆಗೆ ಹೊರಟ ಬಟ್ಟೆಯ ಲಾರಿ ನಿಂತಿತ್ತು. ಮಗಳು ಹಿಂದಿನ ಹಲಗೆ ಹತ್ತಿ ಮಗುವನ್ನು ಮಡಿಸಿಟ್ಟ ಬೆಡ್‌ಶೀಟುಗಳ ಮೇಲೆ ಮಲಗಿಸಿದಳು. ನಾನೂ ಹತ್ತಿದೆ. ಗುಮಾಸ್ತ ಹಿಂದೆಯೇ ಬಂದು ಇಳೀರಿ, ಒಗೆದ ಬಟ್ಟೆ, ಆಸ್ಪತ್ರೆಯವರು ವಾಪಸ್ ಕಳಿಸುತ್ತಾರೆ ಎಂದ. ಗೇಟಿನ ಕಾವಲುಗಾರ ಲಾರಿಗೆ ಪಾಸ್ ಇದೆ, ಬಟ್ಟೆಗೆ ಪಾಸ್ ಇದೆ, ಇವರಿಗಿಲ್ಲ, ಕೆಂಪು ದಿನ ಆಳುಗಳನ್ನು ಬಿಡುವಂತಿಲ್ಲ ಎಂದ. ಅವನು ಹೇಳಿದ್ದೂ ನಿಜವೇ. ಅಲ್ಲಿ ಬಟ್ಟೆಗೆ ಇದ್ದಷ್ಟು ದಾರಿ ನಮಗೆ ಇರಲಿಲ್ಲ.

ನಾನು ಲಾರಿಯಿಂದ ಇಳಿದೆ. ಇಳಿದದ್ದು ಕಂಡು ಗುಮಾಸ್ತ ಸಮಾಧಾನದ ಉಸಿರು ಬಿಟ್ಟ. ಅಜ್ಜಿ ಯಾವತ್ತೂ ಎದುರು ಮಾತಾಡಿದವಳಲ್ಲ ಎಂದು ಅವನಿಗೆ ಗೊತ್ತಿತ್ತು. ನಾನು ಗೇಟಿನ ಹತ್ತಿರ ಹೋಗಿ ಅಗುಳಿಗೆ ಕೈ ಹಾಕಿದೆ. ಕಾವಲುಗಾರ ನನ್ನ ಮಣಿಕಟ್ಟು ಹಿಡಿದ.

"ಕೈ ತೆಗಿ," ಎಂದೆ. "ನಿಮ್ಮ ಟವೆಲ್ ನೋಡ್ಕೊಂಡು ಇಷ್ಟು ವರ್ಷ ಉಸಿರು ಹಿಡಿದಿದ್ದೀನಿ. ಇವತ್ತು ಹಿಡಿಯಲ್ಲ."

ಅಗುಳಿ ತುಕ್ಕು ಹಿಡಿದಿತ್ತು, ನನ್ನ ಒಂದು ಕೈಗೆ ಬರಲಿಲ್ಲ. ಹಿಂಡುವ ಯಂತ್ರದವಳು ಬಂದು ಉಳಿದ ನಾಲ್ಕು ಬೆರಳಲ್ಲಿ ಹಿಡಿದಳು. ಆಮೇಲೆ ಎಷ್ಟು ಕೈ ಬಿದ್ದವೋ. ಎಲ್ಲ ಸೋಡಾ ತಿಂದ ಕೈಗಳೇ. ಕಾವಲುಗಾರ ಬದಿಗೆ ಸರಿದ. ಹಿಂದಿನಿಂದ ಯಜಮಾನರು ಎದೆ ಹಿಡಿದುಕೊಂಡು, ಏರುತ್ತಿದೆ, ಏರುತ್ತಿದೆ ಎಂದು ಕೂಗುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ಗೇಟು ತೆರೆಯಿತು. ನಾನು ಮತ್ತೆ ಹತ್ತಿದೆ, ಲಾರಿ ಹೊರಟಿತು.

ಆಸ್ಪತ್ರೆಯಲ್ಲಿ ನಮಗೆ ಗೊತ್ತಿದ್ದದ್ದು ಬಟ್ಟೆ ಇಳಿಸುವ ಹಿಂಬಾಗಿಲು. ಅಲ್ಲಿಂದಲೇ ಒಳಹೋದೆವು. ಮಕ್ಕಳ ವಾರ್ಡಿನಲ್ಲಿ ಒಬ್ಬ ಸಿಸ್ಟರು ಇದ್ದರು, ನಡುವಯಸ್ಸಿನವರು. ಅವರು ನಮ್ಮನ್ನು ಮುಂಬಾಗಿಲಿಂದ ಬನ್ನಿ ಎನ್ನಲಿಲ್ಲ. ಮಗುವನ್ನು ಪಕ್ಕಕ್ಕೆ ಒರಗಿಸಿ ಮಲಗಿಸಿ, ಮೂಗಿಗೆ ಗಾಳಿಯ ಕೊಳವೆ ಇಟ್ಟು, ಸಣ್ಣದೊಂದು ತೋಳಪಟ್ಟಿ ತೆಗೆದರು. ಅಂಥದ್ದೊಂದು ಇದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಅದು ಚೂಟಿಯ ತೋಳಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಗಾಳಿ ಊದಿ ನೋಡಿದರು. ಇನ್ನೊಂದು ಸಲ ನೋಡಿದರು. ಇನ್ನೊಂದು ತೋಳಿಗೆ ಕಟ್ಟಿ ನೋಡಿದರು. ಆಮೇಲೆ ಡಾಕ್ಟರಮ್ಮನನ್ನು ಕರೆದ ದನಿ ನನಗೆ ಇನ್ನೂ ಕಿವಿಯಲ್ಲಿದೆ. ಜೋರಾಗಿರಲಿಲ್ಲ. ನೂರ ಎಪ್ಪತ್ತು ದಾಟಿತ್ತು.

ನೂರ ಎಪ್ಪತ್ತೆರಡಕ್ಕೆ ಯಜಮಾನರ ಬಾಗಿಲಿಗೆ ಕಾರು ಕಾದಿರುತ್ತಿತ್ತು ಎಂದು ನನ್ನ ಮಗಳು ಗೋಡೆಗೆ ಹೇಳಿದಳು.

ಕೈಗೆ ಸೂಜಿ ಚುಚ್ಚಿ, ಹನಿಹನಿಯಾಗಿ ಔಷಧಿ ಇಳಿಸುವ ಯಂತ್ರ ಇಟ್ಟರು. ಬೇಗ ಇಳಿಸಿ ತಾಯಿ ಎಂದು ನಾನು ಕೈಮುಗಿದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸುಸ್ತಾಗಿದ್ದರು, ಆದರೂ ನಿಂತು ಹೇಳಿದರು: ಬೇಗ ಇಳಿಸಬಾರದು ಅಜ್ಜಿ, ಧಡಕ್ಕನೆ ಇಳಿಸಿದರೆ ಮೆದುಳಿಗೆ, ಕಣ್ಣಿಗೆ ರಕ್ತ ಸಾಲದೆ ಹೋಗುತ್ತೆ, ಮೆಲ್ಲಗೆ ಇಳಿಸಬೇಕು. ಆಮೇಲೆ ಇಷ್ಟು ದಿನ ಯಾರೂ ಬಿಪಿ ನೋಡಲಿಲ್ಲವೇ ಎಂದು ಕೇಳಿದರು.

"ನೋಡಿದ್ರು," ಎಂದಳು ಮಗಳು. "ಹಸಿರು ಇತ್ತು."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಟವೆಲಿನ ಕಥೆ ಹೇಳಿದೆವು. ಹೇಳುವಾಗ ನಮಗೇ ಅದು ಹುಚ್ಚರ ಕಥೆಯ ಹಾಗೆ ಕೇಳಿಸಿತು. ಅವರು ನಗಲಿಲ್ಲ. ಯಜಮಾನರ ಪಟ್ಟಿ ಮಗುವಿನ ತೋಳಿಗೆ ದೊಡ್ಡದು, ಅದು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತೆ ಎಂದರು. ಕಡಿಮೆ ತೋರಿಸಿದ ಆ ನೂರ ಮೂವತ್ತೆಂಟೂ ಈ ವಯಸ್ಸಿಗೆ ಬಹಳ ಜಾಸ್ತಿಯೇ. ಮಗುವಿನ ಬಿಪಿಗೆ ಮಗುವಿನ ವಯಸ್ಸು, ಎತ್ತರ ನೋಡಬೇಕು, ಕುರ್ಚಿಯಲ್ಲಿ ಕೂತವರ ಅಂಕಿ ನೋಡಬಾರದು ಎಂದರು. ಆ ಹುಣ್ಣಿನಿಂದ ಕಿಡ್ನಿ ಊದಿಕೊಂಡಿತ್ತಂತೆ. ಉಚ್ಚೆಗೆ ಟೀ ಬಣ್ಣ ಬಂದದ್ದು ಅದಕ್ಕೆ. ಮುಖ ಊದಿದ್ದು ಅದಕ್ಕೆ. ತಲೆನೋವು ಅದಕ್ಕೆ. ಎಲ್ಲ ಮೊದಲಿಂದ ಮಗು ಹೇಳುತ್ತಲೇ ಇತ್ತು, ಸರಿಯಾಗಿಯೇ ಹೇಳುತ್ತಿತ್ತು.

ಮರುದಿನ ಮಧ್ಯಾಹ್ನ ಚೂಟಿ ಕಣ್ಣು ಬಿಟ್ಟಳು. ಅವಳಿಗೆ ಕಾಣುತ್ತದೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಮಗು ನನ್ನ ಕಡೆ ಬಹಳ ಹೊತ್ತು ನೋಡಿತು.

"ಅಜ್ಜಿ, ನಿನ್ನ ಮೂಗಿನ ಮೇಲೆ ನೂಲು ಅಂಟಿದೆ."

ಇತ್ತು. ಬಿಳಿ ನೂಲಿನ ಒಂದು ಎಳೆ. ನಾನು ಅದನ್ನು ತೆಗೆಯದೆ ಹಾಗೇ ಕೂತೆ.

ಊಟಕ್ಕೆ ಉಪ್ಪು ಕಡಿಮೆ, ಗುಳಿಗೆ ತಪ್ಪಿಸಬಾರದು, ಆಗಾಗ ತಂದು ಅಳೆಸಬೇಕು, ಬಹುತೇಕ ಮಕ್ಕಳ ಕಿಡ್ನಿ ಸರಿಹೋಗುತ್ತೆ ಎಂದು ಹೇಳಿ ಮನೆಗೆ ಕಳಿಸಿದರು. ಹೊರಡುವಾಗ ಸಿಸ್ಟರಿಗೆ ನಾನು ಲಾಂಡ್ರಿಯ ಉಳಿದ ಮಕ್ಕಳ ಹುಣ್ಣಿನ ವಿಷಯ ಹೇಳಿದೆ. ಎಲ್ಲರನ್ನೂ ಕರೆದುಕೊಂಡು ಬನ್ನಿ ಎಂದರು. ರಜೆ ಸಿಗಲ್ಲ ಎಂದೆ. ಅವರು, ನನಗೆ ರಜೆ ಸಿಗುತ್ತೆ ಎಂದರು.

ಇತ್ತ ಲಾಂಡ್ರಿಯಲ್ಲಿ ನಮ್ಮಿಬ್ಬರನ್ನೂ ಕೆಲಸದಿಂದ ತೆಗೆದಾಗಿತ್ತು. ಗೇಟು ತೆರೆದ ತಪ್ಪು, ಒಗೆದ ಬಟ್ಟೆ ಕೆಡಿಸಿದ ತಪ್ಪು, ಯಜಮಾನರ ಬಿಪಿ ಏರಿಸಿದ ತಪ್ಪು. ಮೂರನೆಯದೇ ದೊಡ್ಡದು. ಅದಕ್ಕೆ ಉಳಿದ ಹೆಂಗಸರು ಏನು ಮಾಡಿದರೆಂದರೆ, ಏನೂ ಮಾಡಲಿಲ್ಲ. ಯಂತ್ರಗಳ ಮುಂದೆ ಕೈಕಟ್ಟಿ ನಿಂತರು. ಕೊಳೆ ಮೂಟೆ ಬಾಗಿಲಿನ ತನಕ ಬಂತು, ನಾತ ಆಫೀಸಿನ ಒಳಗೆ ಹೋಯಿತು. ಆಸ್ಪತ್ರೆಯಿಂದ ಫೋನ್ ಮೇಲೆ ಫೋನ್ ಬಂತು. ಕೊನೆಗೆ ಯಜಮಾನರು ದೊಡ್ಡ ಮನಸ್ಸು ಮಾಡಿದರು. ಅವರ ಮನಸ್ಸು ದೊಡ್ಡದಾಗುವುದು ಮೂಟೆ ದೊಡ್ಡದಾದಾಗಲೇ. ಕರೆಸಿ, ಮಗುವಿಗೆ ಹೀಗೆ ಎಂದು ಮೊದಲೇ ಹೇಳಿದ್ದರೆ ನಾನು ಬೇಡ ಅಂತಿದ್ದೆನಾ, ಒಂದು ತಪ್ಪಾಯಿತು ಅಂದುಬಿಡು ಅಜ್ಜಿ, ಒಳಗೆ ಬಾ ಎಂದರು.

"ನಿಮ್ಮದು ಏರಿದ್ರೆ ಬಾಗಿಲಿಗೆ ಬಟ್ಟೆ ಹಾಕ್ತೀರಿ," ಎಂದೆ. "ನಮ್ಮ ಮಕ್ಕಳದ್ದು ಏರಿದ್ರೆ ಮುಖಕ್ಕೆ ಬಟ್ಟೆ ಹಾಕ್ಬೇಕಾಗ್ತಿತ್ತು. ತಪ್ಪಾಯ್ತು ಅಂತ ಯಾರು ಅನ್ಬೇಕು, ನೀವೇ ಹೇಳಿ."

ನಾನು ತಪ್ಪಾಯ್ತು ಅನ್ನದೆಯೇ ಒಳಗೆ ನಡೆದೆ. ರೋಲರಿನ ಹತ್ತಿರ ಹೋಗಿ ನಿಂತೆ. ಕೊಳೆ ಬಟ್ಟೆಯ ಕೋಣೆಗೆ ಆವತ್ತಿನಿಂದ ಯಾವ ಮಗುವನ್ನೂ ನಾವು ಬಿಡಲಿಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳೆಲ್ಲ ಬಂದು ಆಫೀಸಿನ ಜಗಲಿಯ ಮೇಲೆ ಕೂತರು. ಯಜಮಾನರ ಕಿಟಕಿಯ ಕೆಳಗೆ ಮಗ್ಗಿ ಕೂಗಿದರು. ಕೆಂಪು ದಿನವೂ ಕೂಗಿದರು.

ಸಿಸ್ಟರು ಹೇಳಿದ ಹಾಗೆ ರಜೆಯ ದಿನ ಬಂದರು, ಕೆಲಸ ಶುರುವಾಗುವ ಮೊದಲೇ. ಯಜಮಾನರು ಒಳಗೆ ಜಾಗವಿಲ್ಲ ಎಂದು ಹೇಳಿ ಕಳಿಸಿದ್ದರು. ಗೇಟಿನ ಹೊರಗೆ ರಸ್ತೆಯ ಬದಿಯಲ್ಲಿ ಬಾಯ್ಲರಿನವನು ಎರಡು ಸ್ಟೂಲು ಹಾಕಿದ. ಸಿಸ್ಟರು ಚೀಲದಿಂದ ಬೇರೆ ಬೇರೆ ಅಳತೆಯ ತೋಳಪಟ್ಟಿಗಳನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅಮ್ಮಂದಿರು ಮಕ್ಕಳ ಕೈ ಹಿಡಿದು ಸಾಲು ನಿಂತರು. ಚೂಟಿ ಸಾಲಿನ ಪಕ್ಕ ಓಡಾಡಿಕೊಂಡು, ನೋಯಲ್ಲ, ಸ್ವಲ್ಪ ಹಿಂಡುತ್ತೆ ಅಷ್ಟೇ, ಅಳೋರು ಹೇಡಿಗಳು ಎಂದು ಭಾಷಣ ಮಾಡುತ್ತಿದ್ದಳು. ಸಿಸ್ಟರು ಹುಣ್ಣಿದ್ದವರಿಗೆ ಮುಲಾಮು ಕೊಟ್ಟರು, ಆಸ್ಪತ್ರೆಗೆ ಕರೆತರಲು ಹೇಳಿದರು, ಬಿಪಿ ಸರಿಯಿದ್ದವರ ಕೆನ್ನೆ ತಟ್ಟಿ ಕಳಿಸಿದರು. ಒಳಗೆ ಕೆಲಸದ ಸೈರನ್ನು ಕೂಗಿತು. ಸಾಲು ಕದಲಲಿಲ್ಲ. ಮತ್ತೆ ಕೂಗಿತು.

ಸಾಲು ಮುಗಿಯುತ್ತ ಬಂದಾಗ ಕೊನೆಯಲ್ಲಿ ಗುಮಾಸ್ತ ನಿಂತಿದ್ದ. ಪಕ್ಕದಲ್ಲಿ ಅವನ ಮಗಳು, ಹತ್ತು ವರ್ಷದವಳಿರಬೇಕು, ಒಳ್ಳೆ ಇಸ್ತ್ರಿ ಮಾಡಿದ ಯೂನಿಫಾರ್ಮು, ಎರಡು ಜಡೆ. ಅವಳು ಯಾವತ್ತೂ ನಮ್ಮ ಮೂಟೆಗಳ ಮೇಲೆ ಕೂತವಳಲ್ಲ. ಮೈಯಲ್ಲಿ ಒಂದು ಹುಣ್ಣಿಲ್ಲ. ಹಾಗೇ ಸುಮ್ಮನೆ, ಬಂದಿದ್ದೀರಲ್ಲ ಅಂತ, ಎಂದ ಗುಮಾಸ್ತ. ಆಗಾಗ ತಲೆನೋವು ಅಂತಾಳೆ, ಓದೋಕೆ ಕಳ್ಳಿ ಎಂದು ನಕ್ಕ.

ಸಿಸ್ಟರು ಅವಳ ತೋಳು ಅಳೆದು ಪಟ್ಟಿ ಆರಿಸಿದರು, ಕಟ್ಟಿದರು, ಊದಿದರು. ಕಿವಿ ಕೊಟ್ಟು ಕೇಳಿದರು. ಅವರ ಮುಖದಲ್ಲಿ ನಗು ಇದ್ದದ್ದು ಇಲ್ಲದಾಯಿತು. ಆ ಮುಖವನ್ನು ನಾನು ಮೊದಲೊಮ್ಮೆ ವಾರ್ಡಿನಲ್ಲಿ ನೋಡಿದ್ದೆ.

ಎಷ್ಟು ಎಂದು ಗುಮಾಸ್ತ ಕೇಳಿದ. ಅಷ್ಟೊಂದು ವರ್ಷ ಅಂಕಿ ಹೇಳುತ್ತಿದ್ದವನು ಈಗ ಕೇಳುವ ಸಾಲಿನಲ್ಲಿದ್ದ.

"ಈಗಲೇ ಹೇಳಲ್ಲ," ಎಂದರು ಸಿಸ್ಟರು. "ಭಯಕ್ಕೂ ಏರುತ್ತೆ. ಇವಳು ಇಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಲಿ. ಮತ್ತೆ ನೋಡೋಣ. ಇವಳನ್ನ ಬಿಟ್ಟು ಹೋಗ್ಬೇಡಿ."

ಗುಮಾಸ್ತ ಅಲ್ಲೇ ಕೂತ. ರಸ್ತೆಯ ಮಣ್ಣಿನಲ್ಲಿ, ಬಿಳಿ ಪ್ಯಾಂಟಿನಲ್ಲಿ, ಮಗಳ ಸ್ಟೂಲಿನ ಪಕ್ಕ. ಅವಳು ಅಪ್ಪನ ಹೆಗಲ ಮೇಲೆ ಕೈ ಇಟ್ಟಳು. ನನಗೇನಾಗಿದೆ ಅಪ್ಪಾ ಎಂದಳು. ಅವನು ಅವಳ ಕೈ ಹಿಡಿದುಕೊಂಡ.

ಒಳಗಿನಿಂದ ಯಜಮಾನರು ಗುಮಾಸ್ತನನ್ನು ಕರೆಯುವ ಗಂಟೆ ಕೇಳಿಸಿತು. ಅವರು ತೋಳು ಮಡಚಿ ಕೂತಿರಬೇಕು. ಗಂಟೆ ಇನ್ನೊಮ್ಮೆ ಕೇಳಿಸಿತು. ಆಮೇಲೆ ಅವರೇ ಗೇಟಿನ ತನಕ ಬಂದರು, ಒಂದು ತೋಳು ಮೇಲಕ್ಕೆ ಮಡಚಿದ ಹಾಗೇ ಇತ್ತು. ಎಲ್ಲಿ ಹಾಳಾಗಿ ಹೋಗಿದ್ದೀಯ, ಹೊತ್ತಾಯಿತು, ನನ್ನದು ನೋಡುವವರು ಯಾರು ಎಂದರು.

ಗುಮಾಸ್ತ ತಲೆ ಎತ್ತಿ ಅವರನ್ನು ನೋಡಿದ. ಎದ್ದು ನಿಲ್ಲಲಿಲ್ಲ. ಯಜಮಾನರ ಎದುರು ಕೂತೇ ಮಾತಾಡಿದ ಗುಮಾಸ್ತನನ್ನು ನಾನು ಕಂಡದ್ದು ಆವತ್ತೇ.

"ಇವತ್ತು ನೀವೇ ನೋಡ್ಕೊಳ್ಳಿ."

ಅಷ್ಟು ಹೇಳಿ ಮಗಳ ಕಡೆ ತಿರುಗಿ ಅವಳ ತೋಳು ಮಡಿಲಲ್ಲಿಟ್ಟುಕೊಂಡ. ಸಿಸ್ಟರು ಪಟ್ಟಿ ಮತ್ತೆ ಕಟ್ಟಿ ಗಾಳಿ ಊದತೊಡಗಿದರು. ನಾವು ಯಾರೂ ಒಳಗೆ ಹೋಗಲಿಲ್ಲ.